ಬಿಕ್ಕಳಿಕೆಯ ಸಾಕ್ಷಿ

೧೪ ನವೆಂಬರ್ ೧೯೫೮, ಶುಕ್ರವಾರ

ಕೇಶವ ಶಿಡ್ಲಘಟ್ಟಕ್ಕೆ ರೇಷ್ಮೆ ಗೂಡು ಹಾಕಲು ಹೋದಾಗ ಈ ಪುಸ್ತಕ ತಂದುಕೊಟ್ಟು, "ಚಿಕ್ಕಮ್ಮ, ಕಾರ್ತೀಕ ಮಾಸ, ರಾಮನಾಮ ಬರ್ಕೊಳ್ಳಿ" ಎಂದಿದ್ದ. ಮೊದಲ ಹಾಳೆಗಳಲ್ಲಿ ರಾಮನಾಮವೇ ಇದೆ. ಇವತ್ತು ಕೈ ಬೇರೆ ಕಡೆಗೆ ಎಳೆಯುತ್ತಿದೆ. ರಾಮ ಕ್ಷಮಿಸಲಿ.

ಗೋಡೆಯಾಚೆ ಅಮ್ಮಾಜಮ್ಮನಿಗೆ ಬಿಕ್ಕಳಿಕೆ ಹತ್ತಿದೆ. ಬೆಳಿಗ್ಗೆ ನಾನು ತುಳಸಿಗೆ ನೀರು ಹಾಕುವಾಗ ಶುರುವಾದದ್ದು, ದೀಪ ಹಚ್ಚುವ ಹೊತ್ತಿಗೂ ನಿಂತಿಲ್ಲ. ಅವಳು ನನ್ನ ವಾರಗಿತ್ತಿ, ತೀರಿಹೋದ ಭಾವ ಮುನಿಶಾಮಪ್ಪನವರ ಹೆಂಡತಿ, ಕೇಶವನ ತಾಯಿ. ಮನೆ ಭಾಗವಾದಾಗ ನಡುಮನೆಗೆ ಅಡ್ಡ ಮಣ್ಣಿನ ಗೋಡೆ ಎಬ್ಬಿಸಿದರು. ಗೋಡೆ ಸೂರಿಗೆ ಮುಟ್ಟಿಲ್ಲ. ಆಚೆ ಒಗ್ಗರಣೆ ಹಾಕಿದರೆ ಈಚೆ ನನಗೆ ಸೀನು. ಆದರೆ ನಾವಿಬ್ಬರೂ ಮಾತು ಬಿಟ್ಟದ್ದಕ್ಕೂ ಆ ಗೋಡೆಯಷ್ಟೇ ವಯಸ್ಸು. ಹೇಳುವುದಿದ್ದರೆ ನಡುವೆ ಯಾರಾದರೂ ಇರಬೇಕು. ಯಾರೂ ಇಲ್ಲದಿದ್ದರೆ ಬೆಕ್ಕಿಗೆ ಹೇಳುತ್ತೇವೆ.

ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದರ್ಥ. ಸರಿಯಾದ ಹೆಸರು ಬಾಯಲ್ಲಿ ಬಂದರೆ ನಿಲ್ಲುತ್ತದೆ. ಆಚೆಯಿಂದ ಅವಳ ಸೊಸೆ ಮಂಗಮ್ಮ ಒಂದೊಂದೇ ಹೆಸರು ಹೇಳಿಸುತ್ತಿದ್ದಳು. ಕೇಶವ. ಹಿಕ್. ನಲ್ಲಪ್ಪ ಮಾವ. ಹಿಕ್. ತೌರಿನವರು, ಅಕ್ಕತಂಗಿಯರು, ಚಿಂತಾಮಣಿಯ ಬೀಗರು, ಕೊನೆಗೆ ಹಾಲು ಹಾಕುವವಳು ಕೂಡ.

ನನ್ನ ಹೆಸರು ಮಾತ್ರ ಬರಲಿಲ್ಲ.

ಬೆಳಿಗ್ಗೆ ತುಳಸಿಗೆ ನೀರು ಹಾಕುತ್ತ ನಾನು ನೆನೆಸಿಕೊಂಡಿದ್ದು ಅವಳನ್ನೇ. ದಿನವೂ ನೆನೆಸುತ್ತೇನೆ. ಇವತ್ತು ತಟ್ಟಿದೆ.

೧೫ ನವೆಂಬರ್, ಶನಿವಾರ

ನಿಂತಿಲ್ಲ. ಆಂಜನೇಯನ ಗುಡಿಗೆ ಹೋಗಿ ಬಂದೆ. ಪ್ರದಕ್ಷಿಣೆ ಹಾಕುವಾಗಲೂ ಅವಳನ್ನೇ ನೆನೆಸಿದೆ. ಮನೆಗೆ ಬಂದು ಕೇಳಿದರೆ ಜೋರಾಗಿತ್ತು.

ಸಂಜೆ ಜಪಸರ ಹಿಡಿದು ಕೂತೆ. ಒಂದು ಮಣಿಗೆ ರಾಮ, ಒಂದು ಮಣಿಗೆ ಅಮ್ಮಾಜಮ್ಮ. ಆಮೇಲಾಮೇಲೆ ರಾಮ ತಪ್ಪಿಹೋದ. ಪಾಪ ಬಂದರೆ ಬರಲಿ. ಇಪ್ಪತ್ತೆಂಟು ವರ್ಷ ನಾನು ಹೊತ್ತದ್ದಕ್ಕಿಂತ ದೊಡ್ಡ ಪಾಪ ಯಾವುದಿದೆ?

೧೭ ನವೆಂಬರ್, ಕಾರ್ತೀಕ ಸೋಮವಾರ

ಒಪ್ಪೊತ್ತು. ತಲೆ ಹಗುರವಾಗಿದೆ. ಬರೆದುಬಿಡುತ್ತೇನೆ.

ಕೇಶವನ ನಾಮಕರಣದ ದಿನ. ನಾನು ಈ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷ. ನಮ್ಮಪ್ಪ ತೊಂಡೇಬಾವಿಯಿಂದ ರೈಲಿನಲ್ಲಿ, ರೈಲಿಳಿದು ಗಾಡಿಯಲ್ಲಿ, ಮಗುವಿಗೆ ಬೆಳ್ಳಿಯ ಉಡಿದಾರ ಹಿಡಿದು ಬಂದಿದ್ದರು. ಎಲೆಗೆ ಬಡಿಸುವಾಗ ನನಗೆ ಬಿಕ್ಕಳಿಕೆ ಹತ್ತಿತು. ಖಾರದ ಹುಳಿಯ ರುಚಿ ನೋಡಿದ್ದೆ, ಅಷ್ಟೆ. ನೀರು ಕುಡಿದೆ, ಸಕ್ಕರೆ ನುಂಗಿದೆ, ನಿಲ್ಲಲಿಲ್ಲ. ಪಂಕ್ತಿಯವರು ನಗುತ್ತಿದ್ದರು.

ಅದೇ ವಾರ ಅಮ್ಮಾಜಮ್ಮನ ಕೆಂಪಿನ ಓಲೆ ಒಂದು ಕಾಣೆಯಾದದ್ದು ಮನೆಯಲ್ಲಿ ಗೊತ್ತಾಗಿತ್ತು. ಅತ್ತೆಯ ಅತ್ತೆಯಿಂದ ಬಂದ ಓಲೆ ಅದು. ಅಮ್ಮಾಜಮ್ಮ ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ತಟ್ಟನೆ, "ಏನೇ ಯಶೋದ, ನನ್ನ ಓಲೆ ಕದ್ದೋಳು ನೀನೇ ಅಂತಲ್ಲೇ?" ಎಂದಳು.

ಬಿಕ್ಕಳಿಕೆ ಬಂದವರಿಗೆ ಕಳ್ಳತನ ಹೊರಿಸಿ ಬೆಚ್ಚಿಸುವುದು ಯಾರಿಗೆ ಗೊತ್ತಿಲ್ಲ? ಬೆಣ್ಣೆ ಕದ್ದೆಯಂತೆ, ಬೆಲ್ಲ ಕದ್ದೆಯಂತೆ ಎಂದು ಮಕ್ಕಳಿಗೆ ಹೇಳುತ್ತೇವೆ. ಆದರೆ ಬೆಣ್ಣೆ ಕಳೆದಿರುವುದಿಲ್ಲ. ಓಲೆ ಕಳೆದಿತ್ತು.

ನನ್ನ ಬಿಕ್ಕಳಿಕೆ ನಿಂತೇಹೋಯಿತು.

ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. "ನೋಡಿದ್ರಾ, ಹೆಂಗೆ ನಿಂತೋಯ್ತು!" ಎಂದರು. ಗಂಡನ ಸೋದರತ್ತೆ ಅಕ್ಕಯಮ್ಮ, "ಕದ್ದೋರಿಗೇ ಹಂಗೆ ನಿಲ್ಲೋದು" ಎಂದಳು. ಅಷ್ಟೇ. ಪಂಚಾಯ್ತಿ ಇಲ್ಲ, ಆಣೆ ಪ್ರಮಾಣ ಇಲ್ಲ. ಬಿಕ್ಕಳಿಕೆ ನಿಂತದ್ದೇ ಸಾಕ್ಷಿ. ಅಮ್ಮಾಜಮ್ಮ ನೋಡುತ್ತ ನಿಂತಿದ್ದಳು. ತಮಾಷೆಗೆ ಅಂದೆ ಎನ್ನಬಹುದಿತ್ತು. ಎನ್ನಲಿಲ್ಲ.

ಅಪ್ಪ ಎಲೆ ಬಿಟ್ಟು ಎದ್ದರು. ಗಾಡಿ ಹತ್ತುವ ಮುಂಚೆ ನನ್ನನ್ನು ಹುಣಸೆಮರದ ಹತ್ತಿರ ಕರೆದು ಮೆಲ್ಲಗೆ, "ತಗೊಂಡಿದ್ರೆ ಕೊಟ್ಬಿಡಮ್ಮ" ಎಂದರು.

ಮತ್ತೆ ಅವರು ಈ ಮನೆಗೆ ಬರಲಿಲ್ಲ. ಸಾಯುವಾಗಲೂ ನಾನು ತಗೊಂಡಿದ್ದೇನೆ ಎಂದುಕೊಂಡೇ ಸತ್ತಿರಬೇಕು.

೧೮ ನವೆಂಬರ್, ಮಂಗಳವಾರ

ಹಿಕ್ ಹಿಕ್ ಹಿಕ್. ರಾಟೆಯ ಹಾಗೆ. ಊಟ ಸೇರುತ್ತಿಲ್ಲವಂತೆ. ನನಗೆ ಸೇರಿತು.

೨೦ ನವೆಂಬರ್, ಗುರುವಾರ

ಮಂಗಮ್ಮ ಬಂದಿದ್ದಳು. ಅವಳ ಕೈಗೆಲ್ಲ ಹಿಪ್ಪುನೇರಳೆ ಸೊಪ್ಪಿನ ಕರೆ. ರೇಷ್ಮೆ ಹುಳುಗಳು ದೊಡ್ಡವಾಗುತ್ತಿವೆ. ಈಗ ಅವಕ್ಕೆ ರಾತ್ರಿ ಹಗಲು ಸೊಪ್ಪು ಹಾಕುತ್ತಿರಬೇಕು.

"ಚಿಕ್ಕತ್ತೆ, ಮದ್ದು ಏನಾನ ಹೇಳಿ. ಇಡೀ ಊರಿಗೆ ಹೇಳ್ತೀರ, ನಮ್ಗೆ ಹೇಳಲ್ವ?"

"ಏನೇನು ಮಾಡಿದ್ರಿ?"

"ಮೂಗು ಹಿಡ್ಕೊಂಡು ನೀರು ಕುಡಿಸ್ದೆ. ಶುಂಠಿ ಜೇನುತುಪ್ಪ ನೆಕ್ಕಿಸ್ದೆ. ಮಜ್ಜಿಗೇಲಿ ಇಂಗು ಕಲಸಿ ಕೊಟ್ಟೆ. ಅಕ್ಕಯಮ್ಮಜ್ಜಿ ಬಂದು ಸೀರೆ ದಾರ ಒದ್ದೆ ಮಾಡಿ ಹಣೆಗೆ ಅಂಟಿಸಿದ್ರು, ಎಳೇ ಮಕ್ಕಳಿಗೆ ಅಂಟಿಸ್ದಂಗೆ."

ನಗು ಬಂತು. ಅಮ್ಮಾಜಮ್ಮ ಹಣೆಗೆ ದಾರ ಅಂಟಿಸಿಕೊಂಡು ಕೂತಿರುವುದು!

"ನವಿಲುಗರಿ ಸುಟ್ಟ ಬೂದಿ ಜೇನಲ್ಲಿ ಕೊಟ್ರೆ ನಿಲ್ಲುತ್ತಂತೆ. ನಿಮ್ಮ ದೇವರಗೂಡಲ್ಲಿ ಐತಲ್ಲ, ಒಂದು ಗರಿ ಕೊಡಿ ಚಿಕ್ಕತ್ತೆ."

"ಅದು ಕೃಷ್ಣನ ಪಟಕ್ಕೆ ಸಿಕ್ಕಿಸಿರೋದು. ದೇವರದ್ದು ಸುಡಕ್ಕೆ ಕೊಡ್ತಾರೇನೆ?" ಎಂದೆ.

ಅವಳು ಹೋದಳು. ಕೃಷ್ಣ ನನ್ನನ್ನೇ ನೋಡುತ್ತಿದ್ದ. ನೋಡಲಿ. ಅವನೂ ಕಳ್ಳನೆನಿಸಿಕೊಂಡವನೇ. ಆದರೆ ಅವನ ಕಳ್ಳತನ ಹಾಡಾಯಿತು.

೨೨ ನವೆಂಬರ್, ಶನಿವಾರ

ಇವರು, ಅಂದರೆ ನಮ್ಮ ಯಜಮಾನರು ಆವಲಪ್ಪ, ಊಟಕ್ಕೆ ಕೂತವರು ಹೇಳಿದರು: "ಅತ್ತಿಗೆ ಕಣ್ಣು ಒಳಕ್ಕೋಗವೆ ಕಣೇ. ಮಾತೇ ಆಡಕ್ಕಾಗ್ತಿಲ್ಲ."

"ಇಷ್ಟು ವರ್ಷ ಆಡಿದ್ದು ಸಾಲದ?"

"ನಿನ್ ಬಾಯಿಗೊಂದು ಬೀಗ ಬೇಕು."

"ಬೀಗ ಹಾಕೋದು ನಿಮ್ಮ ಮನೆಯವರಿಗೆ ಚೆನ್ನಾಗಿ ಗೊತ್ತು" ಎಂದೆ. ಇವರು ತಲೆ ತಗ್ಗಿಸಿ ಮುದ್ದೆ ಮುರಿಯತೊಡಗಿದರು. ಅವರಿಗೆ ಅರ್ಥವಾಯಿತು. ಓಲೆಯ ನಂತರ ಅತ್ತೆ ಉಗ್ರಾಣಕ್ಕೆ ಬೀಗ ಹಾಕಿ ಬೀಗದ ಕೈಯನ್ನು ಅಮ್ಮಾಜಮ್ಮನ ಸೊಂಟಕ್ಕೆ ಸಿಕ್ಕಿಸಿದ್ದರು. ಒಂದು ಹಿಡಿ ಉಪ್ಪಿಗೆ ನಾನು ಆ ಬಾಗಿಲ ಮುಂದೆ ಬಟ್ಟಲು ಹಿಡಿದು ನಿಲ್ಲಬೇಕಿತ್ತು. ಇವರು ಆಗಲೂ ಹೀಗೇ ಸುಮ್ಮನೆ ಮುದ್ದೆ ಮುರಿಯುತ್ತಿದ್ದರು.

೨೩ ನವೆಂಬರ್, ಭಾನುವಾರ

ನವಿಲುಗರಿಯ ಒಂದು ಕಣ್ಣು ಕತ್ತರಿಸಿ ಮಂಗಮ್ಮನಿಗೆ ಕೊಟ್ಟೆ. ಕೊಟ್ಟವರು ಯಾರೆಂದು ಹೇಳಬೇಡ ಎಂದಿದ್ದೇನೆ. ಕನಿಕರಕ್ಕಲ್ಲ. ಅವಳು ಸತ್ತರೆ ನನ್ನ ಹೆಸರು ಯಾರ ಬಾಯಿಂದ ಬರಬೇಕು?

ಬೂದಿಯಿಂದ ಏನೂ ಆಗಲಿಲ್ಲ.

೨೫ ನವೆಂಬರ್, ಮಂಗಳವಾರ

ಇವತ್ತಿನದು ಹೇಗೆ ಬರೆಯಲಿ! ಅವಳೂ ನಾನೂ ಒಂದೇ ಗಾಡಿಯಲ್ಲಿ ಶಿಡ್ಲಘಟ್ಟಕ್ಕೆ ಹೋಗಿಬಂದೆವು.

ಹುಳು ಬಿಟ್ಟು ಕೇಶವ, ಮಂಗಮ್ಮ ಇಬ್ಬರೂ ಅಲ್ಲಾಡುವ ಹಾಗಿರಲಿಲ್ಲ. "ಹೆಂಗಸು ಒಬ್ಬಳು ಜೊತೆಗೆ ಬೇಕು, ನೀನೇ ಬಾ" ಎಂದರು ಇವರು. ಹೋದೆ. ಅವಳು ಹೇಗೆ ನರಳುತ್ತಾಳೋ ಹತ್ತಿರದಿಂದ ನೋಡಬೇಕಿತ್ತು.

ಗಾಡಿಯಲ್ಲಿ ಒಣಹುಲ್ಲಿನ ಮೇಲೆ ಎದುರುಬದುರು ಕೂತೆವು. ಊರ ಕೆರೆ ದಾಟುವವರೆಗೂ ಹಿಕ್ ಬಿಟ್ಟರೆ ಮಾತಿಲ್ಲ. ಆಮೇಲೆ ಅವಳು ಎತ್ತುಗಳ ಕಡೆ ತಿರುಗಿ, "ಆವಲಪ್ಪ, ಚಳಿ ಆಗೋರಿಗೆ, ಹಿಕ್, ನನ್ನ ಕಂಬಳಿ ಐತೆ ಅಂತ ಹೇಳಪ್ಪ" ಎಂದಳು.

"ನಮಗೆ ಯಾರ ಕಂಬಳಿನೂ ಬೇಡ ಅಂತ ಹೇಳಿ" ಎಂದೆ.

"ಏ ಹೋಗ್ರಮ್ಮ ಅತ್ಲಾಗೆ! ನಾನು ಗಾಡಿ ಹೊಡೀಲೋ, ನಿಮ್ಮ ಟಪಾಲು ಸಾಗಿಸಲೋ?" ಎಂದರು ಇವರು.

ಅವಳು ನಕ್ಕಳು. ನಗುವಾಗಲೂ ಹಿಕ್. ಹಿಂದೆ ಬೀಸುವ ಕಲ್ಲಿನ ಎರಡು ಬದಿಗೆ ಕೂತು ರಾಗಿ ಬೀಸುವಾಗ ಹೀಗೇ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಇದನ್ನು ಯಾಕೆ ಬರೆದೆನೋ.

ಡಾಕ್ಟರು ಅವಳ ಹೊಟ್ಟೆ ಒತ್ತಿ ನೋಡಿ, ಸೂಜಿ ಹಾಕಿ ಒಳಗೆ ಮಲಗಿಸಿದರು. ಇವರು ಎತ್ತಿಗೆ ನೀರು ಕುಡಿಸಲು ಹೋಗಿದ್ದರು. ಹೊರಗಿನ ಬೆಂಚಿನಲ್ಲಿ ನಾನೊಬ್ಬಳೇ. ಡಾಕ್ಟರು ಹೊರಬಂದಾಗ ಕೇಳಿದೆ: "ಸ್ವಾಮಿ, ಇದು ಯಾಕೆ ಬರುತ್ತೆ? ಯಾರಾದರೂ ನೆನೆಸಿಕೊಂಡ್ರೆ ತಾನೆ?"

"ಎದೆಗೂ ಹೊಟ್ಟೆಗೂ ಮಧ್ಯೆ ಒಂದು ಪರದೆ ಇದೆಯಮ್ಮ. ಉಸಿರಾಡುವಾಗ ಅದು ಏರಿ ಇಳಿಯುತ್ತೆ. ಖಾರ ಬಿದ್ದರೆ, ಹೊಟ್ಟೆ ಉಬ್ಬಿದರೆ, ಒಳಗೆ ಹುಣ್ಣಾದರೆ ಅದು ತಾನಾಗಿ ಜಗ್ಗುತ್ತೆ. ಆಗ ಗಂಟಲು ಪಟ್ಟಂತ ಮುಚ್ಚಿಕೊಳ್ಳುತ್ತೆ. ಆ ಸದ್ದೇ ಬಿಕ್ಕಳಿಕೆ. ಇವರಿಗೆ ಹೊಟ್ಟೆ ಹುಣ್ಣಾಗಿದೆ. ಔಷಧ ಕೊಟ್ಟಿದ್ದೀನಿ, ಹುಣ್ಣು ಮಾಗಬೇಕು."

"ಮತ್ತೆ ಬೆಚ್ಚಿಸಿದ್ರೆ ನಿಲ್ಲುತ್ತಲ್ಲ?"

"ಬೆಚ್ಚಿದಾಗ ಉಸಿರು ಹಿಡೀತೀವಿ. ಪರದೆ ಬಿಗಿಯುತ್ತೆ. ಕೆಲವರಿಗೆ ನಿಲ್ಲುತ್ತೆ."

ಎದ್ದು ನಿಂತು ಕೇಳಿದೆ: "ಕಳ್ಳಿ ಅಂದಾಗ ನಿಂತರೆ? ಅವಳು ಕದ್ದಿದ್ದಾಳೆ ಅಂತಲಾ?"

ಡಾಕ್ಟರು ಗಟ್ಟಿಯಾಗಿ ನಕ್ಕುಬಿಟ್ಟರು. "ಇದೊಳ್ಳೆ ಪೊಲೀಸು ಕೆಲಸ ಆಯ್ತಲ್ಲಮ್ಮ! ನನ್ನನ್ನ ಕಳ್ಳ ಅಂದರೂ ನಿಲ್ಲುತ್ತೆ. ದೇವರಂಥವರನ್ನ ಅಂದರೆ ಇನ್ನೂ ಬೇಗ ನಿಲ್ಲುತ್ತೆ. ಕದಿಯದೆ ಇದ್ದೋರು ತಾನೆ ಹೆಚ್ಚು ಬೆಚ್ಚೋದು?"

ಅಷ್ಟು ಸಣ್ಣ ಮಾತು. ಒಂದು ನಗು. ಅದನ್ನು ಆವತ್ತು ಯಾರಾದರೂ ಹುಣಸೆಮರದ ಹತ್ತಿರ ಅಪ್ಪನಿಗೆ ಹೇಳಿದ್ದರೆ!

ಬರುವಾಗ ಅವಳು ಸೂಜಿಯ ಮಂಪರಿನಲ್ಲಿ ಮಲಗಿದ್ದಳು. ಬಿಕ್ಕಳಿಕೆ ಇರಲಿಲ್ಲ. ಗಾಡಿ ಕುಲುಕಿದಾಗ ತಲೆ ನನ್ನ ತೊಡೆಗೆ ಬಂತು. ಸರಿಸಲಿಲ್ಲ. ಸರಿಸಿದರೆ ಎಚ್ಚರವಾಗುತ್ತಾಳೆ, ಎಚ್ಚರವಾದರೆ ನೋಡಬೇಕಾಗುತ್ತದೆ.

೨೭ ನವೆಂಬರ್, ಗುರುವಾರ

ಮತ್ತೆ ಶುರುವಾಗಿದೆ. ಮೊದಲಿಗಿಂತ ಕಡಿಮೆ, ಆದರೆ ಬಿಟ್ಟಿಲ್ಲ.

ಡಾಕ್ಟರ ಮಾತು ಯಾರಿಗೂ ಹೇಳಿಲ್ಲ. ಹೇಳಿದರೆ ನನ್ನ ಕಳಂಕ ಹೋಗುತ್ತದೆ, ನಿಜ. ಆದರೆ ಬರೀ ನನ್ನ ಕಳಂಕ ಹೋದರೆ ಸಾಕೆ? ಅವಳಿಗೂ ಅದರ ರುಚಿ ಗೊತ್ತಾಗಬೇಡವೆ? ಅವಳು ನನ್ನ ತಲೆಗೆ ಏನು ಕಟ್ಟಿದಳೋ ಅದನ್ನೇ, ಅದೇ ಮಾತಿನಲ್ಲಿ, ಅದೇ ಜನರ ಮುಂದೆ ಅವಳ ತಲೆಗೆ ಕಟ್ಟುತ್ತೇನೆ. ಬಿಕ್ಕಳಿಕೆ ನಿಲ್ಲಲಿ. ಅಕ್ಕಯಮ್ಮ ಅದೇ ಮಾತು ಹೇಳಲಿ.

ರಾಮನಿಗೆ ಹೇಳಿಕೊಂಡೆ. ಅವನು ಬೇಡ ಎನ್ನಲಿಲ್ಲ. ಅವನೂ ಯಾರೋ ಏನೋ ಅಂದರೆಂದು ಸೀತಮ್ಮನನ್ನು ಕಾಡಿಗೆ ಕಳಿಸಿದವನು, ಅವನೇನು ಹೇಳಿಯಾನು.

೧ ಡಿಸೆಂಬರ್, ಕಾರ್ತೀಕ ಸೋಮವಾರ

ಆಯಿತು.

ಅವಳನ್ನು ನೋಡಲು ಜನ ಬಂದಿದ್ದರು. ಚಿಂತಾಮಣಿಯಿಂದ ಮಂಗಮ್ಮನ ತೌರಿನವರು, ಅಮ್ಮಾಜಮ್ಮನ ಅಣ್ಣ ನಲ್ಲಪ್ಪ, ಅಕ್ಕಯಮ್ಮ, ಬೀದಿಯ ಹೆಂಗಸರು. ಗೋಡೆ ಎದ್ದ ಮೇಲೆ ಮೊದಲ ಸಲ ನಾನು ಆ ಹೊಸಿಲು ದಾಟಿದೆ. ಎಲ್ಲರೂ ಸರಿದು ದಾರಿ ಬಿಟ್ಟರು. ಅಮ್ಮಾಜಮ್ಮ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡು ಕಣ್ಣರಳಿಸಿದಳು. ಒಳ್ಳೆಯದಕ್ಕೆ ಬಂದೆ ಎಂದುಕೊಂಡಳೋ ಏನೋ.

ನಾನು ನಿಂತುಕೊಂಡೇ ಅಂದೆ: "ಅಕ್ಕ, ಆ ಕೆಂಪಿನ ಓಲೆ ಕಳೆದೇ ಇರ್ಲಿಲ್ಲವಂತೆ. ನೀನೇ ನಿನ್ನ ತೌರಿಗೆ ಸಾಗಿಸಿ ನನ್ನ ತಲೆಗೆ ಕಟ್ಟಿದೆಯಂತೆ. ಹೌದೇನು?"

ಅವಳು ಬಾಯಿ ತೆರೆದಳು. ಉಸಿರು ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಮುಖ ಬೆಳ್ಳಗಾಯಿತು. ಎಲ್ಲರೂ ಮುಂದಿನ ಹಿಕ್‌ಗಾಗಿ ಕಾದರು.

ಬರಲಿಲ್ಲ.

"ಅಯ್ಯೋ ದೇವುಡಾ, ನಿಂತೇಹೋಯ್ತಲ್ಲೇ!" ಎಂದಳು ಅಕ್ಕಯಮ್ಮ. ಆಮೇಲೆ ದನಿ ತಗ್ಗಿಸಿ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಕದ್ದೋರಿಗೇ ಹಂಗೆ ನಿಲ್ಲೋದು" ಎಂದಳು. ಒಂದಕ್ಷರ ಬೇರೆ ಇಲ್ಲ! ಮಂಗಮ್ಮನ ತಾಯಿ ಮಗಳ ಮುಖ ನೋಡಿದಳು. ನಲ್ಲಪ್ಪ ಎದ್ದು ಹೆಗಲ ಟವೆಲು ಕೊಡವಿಕೊಂಡು, ಬಸ್ಸಿನ ಹೊತ್ತಾಯಿತು ಎಂದು ಹೊರಟೇಬಿಟ್ಟ. ಅಮ್ಮಾಜಮ್ಮ ಅಣ್ಣನ ಬೆನ್ನನ್ನೇ ನೋಡುತ್ತಿದ್ದಳು.

ನಾನು ಮನೆಗೆ ಬಂದು ಶಿವನಿಗೆ ದೀಪ ಹಚ್ಚಿದೆ. ಬತ್ತಿ ಇಡುವಾಗ ಎಣ್ಣೆ ಚೆಲ್ಲಿತು, ಒರೆಸಿದೆ.

೩ ಡಿಸೆಂಬರ್, ಬುಧವಾರ

ಹಿದಕಿದ ಅವರೆಬೇಳೆ ಸಾರು ಮಾಡಿದ್ದೆ. ಈ ವರ್ಷದ ಮೊದಲ ಅವರೆ. ಬಹಳ ಚೆನ್ನಾಗಿತ್ತು.

೪ ಡಿಸೆಂಬರ್, ಗುರುವಾರ

ಬಾವಿಯ ಹತ್ತಿರ ಅದೇ ಮಾತು. "ತೌರಿಗೆ ಸಾಗಿಸಿದ್ಲಂತೆ." "ನನಗೆ ಆಗ್ಲೇ ಅನುಮಾನ ಇತ್ತು." ಇವರಿಗೆಲ್ಲ ಆಗ ನನ್ನ ಮೇಲೆ ಅನುಮಾನ ಇತ್ತು. ಈಗ ನನಗೆ ಮೊದಲು ನೀರು ಸೇದಲು ಬಿಟ್ಟರು. ಹಗ್ಗ ಕೈಗೆ ಕೊಟ್ಟರು. ಬಿಂದಿಗೆ ತುಂಬಿಕೊಂಡು ಬಂದೆ.

ಸಾರು ಉಳಿದಿತ್ತು. ಹಳಸಿದೆ.

೬ ಡಿಸೆಂಬರ್, ಶನಿವಾರ

ಗೋಡೆಯಾಚೆ ಸದ್ದೇ ಇಲ್ಲ. ಬಿಕ್ಕಳಿಕೆಯೂ ಇಲ್ಲ, ಮಾತೂ ಇಲ್ಲ. ಜಪಕ್ಕೆ ಕೂತರೆ ಬೆರಳು ಒಂದೇ ಮಣಿಯಲ್ಲಿ ನಿಲ್ಲುತ್ತದೆ. ಕಿವಿ ಸೂರಿನ ಕಡೆಗೇ. ಬದುಕಿದ್ದಾಳೋ ಇಲ್ಲವೋ ಎಂದು ಇವರನ್ನು ಕೇಳಿದೆ.

"ನೀನ್ಯಾಕೆ ಕೇಳ್ತೀಯ?" ಎಂದರು.

"ಸತ್ತರೆ ನಮಗೂ ಸೂತಕ ಅಲ್ವ, ಅದಕ್ಕೆ" ಎಂದೆ.

೭ ಡಿಸೆಂಬರ್, ಭಾನುವಾರ

ಹಣ್ಣಾದ ಹುಳುಗಳನ್ನೆಲ್ಲ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಚಂದ್ರಿಕೆಗೆ, ಬಿಟ್ಟಾಯಿತೆಂದು ಮಂಗಮ್ಮ ಬೆಲ್ಲದ ಪಾನಕಕ್ಕೆ ಕರೆದಳು. ಗೂಡು ಕಟ್ಟುವ ಹೊತ್ತಿನಲ್ಲಿ ಹೋಗದಿದ್ದರೆ ಅಪಶಕುನ. ಹೋದೆ.

ಮಂಗಮ್ಮನ ಸೊಂಟದಲ್ಲಿ ಬೀಗದ ಕೈ ಗೊಂಚಲು. ಅದು ಅಮ್ಮಾಜಮ್ಮನ ಸೊಂಟ ಬಿಟ್ಟದ್ದನ್ನು ಇವತ್ತೇ ಕಂಡದ್ದು.

"ನೀನು ತಗೊಂಡ್ಯ?" ಎಂದೆ.

"ನಮ್ಮಮ್ಮ ಹೇಳಿದ್ರು ಚಿಕ್ಕತ್ತೆ. ತೌರಿಗೆ ಸಾಗಿಸೋರು, ಕೈಗೆ ಸಿಗದಂಗೆ ಇಡು ಅಂದ್ರು."

ಕೈಗೆ ಸಿಗದ ಹಾಗೆ. ನಮ್ಮತ್ತೆಯ ಮಾತೇ. ಇವಳು ನಮ್ಮತ್ತೆಯನ್ನು ಕಂಡೇ ಇಲ್ಲ. ಎಲ್ಲಿಂದ ಕಲಿತಳು?

ಆಗ ಅಮ್ಮಾಜಮ್ಮ ಹಿತ್ತಲಿಂದ ಬಂದಳು, ಕೈಯಲ್ಲಿ ಒಂದು ಬಟ್ಟಲು. ಉಗ್ರಾಣದ ಬಾಗಿಲ ಮುಂದೆ ನಿಂತಳು. ಏನೂ ಕೇಳಲಿಲ್ಲ. ಸೊಸೆಗೆ ಬಿಡುವಾಗುವವರೆಗೂ ನಿಂತೇ ಇದ್ದಳು. ಎಡಗಾಲಿನ ಮೇಲೆ ಭಾರ ಬಿಟ್ಟು, ಬಟ್ಟಲನ್ನು ಸೆರಗಿನಲ್ಲಿ ಅರ್ಧ ಮುಚ್ಚಿಕೊಂಡು. ಹಾಗೆ ನಿಲ್ಲುವುದು ನನಗೆ ಗೊತ್ತು. ಹಾಗೆ ನಿಂತರೆ ದಾರಿಯಲ್ಲಿ ಹೋಗುವವರಿಗೆ ಬಟ್ಟಲು ಕಾಣುವುದಿಲ್ಲ.

ಪಾನಕ ಕುಡಿಯದೆ ಬಂದುಬಿಟ್ಟೆ. ಮೈಯೆಲ್ಲ ಉರಿ.

೮ ಡಿಸೆಂಬರ್, ಕಡೆಯ ಕಾರ್ತೀಕ ಸೋಮವಾರ

ಈ ಉರಿ ಯಾರ ಮೇಲೆ ಎಂದು ನಿನ್ನೆಯಿಂದ ಯೋಚಿಸುತ್ತಿದ್ದೆ. ಗೊತ್ತಾಯಿತು. ಮಂಗಮ್ಮನ ಮೇಲೆ. ಅಕ್ಕಯಮ್ಮನ ಮೇಲೆ. ಆ ನಲ್ಲಪ್ಪನ ಟವೆಲಿನ ಮೇಲೆ. ಅಮ್ಮಾಜಮ್ಮನ ಮೇಲಿನ ಹಗೆ ನನ್ನದು. ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದವಳು ನಾನು. ನಿನ್ನೆ ಮೊನ್ನೆ ಬಂದ ಇವರಿಗೆ ಅದರಲ್ಲಿ ಪಾಲು ಕೊಟ್ಟವರು ಯಾರು? ಅವಳನ್ನು ಬಾಗಿಲಲ್ಲಿ ನಿಲ್ಲಿಸುವ ಹಕ್ಕಿದ್ದರೆ ನನಗಿರಬೇಕು. ಇವರಿಗೇನಿದೆ?

ಒಪ್ಪೊತ್ತು ಮುರಿಯಲಿಲ್ಲ. ಊಟ ಸೇರಲಿಲ್ಲ.

೯ ಡಿಸೆಂಬರ್, ಮಂಗಳವಾರ

ಮಧ್ಯಾಹ್ನ ಅವರ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಅಕ್ಕಯಮ್ಮ, ಮಂಗಮ್ಮ, ಚಿಂತಾಮಣಿಗೆ ಇನ್ನೂ ಹೋಗದ ಮಂಗಮ್ಮನ ತಾಯಿ, ಬೀದಿಯ ನಾಲ್ಕು ಹೆಂಗಸರು. ಅಮ್ಮಾಜಮ್ಮ ಒಂದು ಮೂಲೆಯಲ್ಲಿ ಬೇರೆಯಾಗಿ ಕೂತು ಬಿಡಿಸುತ್ತಿದ್ದಳು. ಅವಳ ಮೊರಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ.

ನಾನು ಹೋಗಿ ಅವಳ ಮೊರದ ಮುಂದೆ ಕೂತು ಒಂದು ಹಿಡಿ ಕಾಯಿ ಎತ್ತಿಕೊಂಡೆ.

"ಶಿಡ್ಲಘಟ್ಟದ ಡಾಕ್ಟರು ಒಂದು ಮಾತು ಹೇಳಿದ್ರು" ಎಂದೆ. "ಬಿಕ್ಕಳಿಕೆ ಬರೋದು ಎದೆಗೂ ಹೊಟ್ಟೆಗೂ ನಡುವೆ ಇರೋ ಪರದೆ ಜಗ್ಗಿ. ಬೆಚ್ಚಿದ್ರೆ ಉಸಿರು ಕಟ್ಟುತ್ತೆ, ಪರದೆ ನಿಲ್ಲುತ್ತೆ. ಕದ್ದೋರಿಗೂ ನಿಲ್ಲುತ್ತೆ, ಕದೀದೋರಿಗೂ ನಿಲ್ಲುತ್ತೆ. ಕದೀದೋರಿಗೆ ಇನ್ನೂ ಬೇಗ."

"ಅದ್ಯಾಕೀಗ ಹೇಳ್ತಿದ್ದೀಯ?" ಎಂದಳು ಅಕ್ಕಯಮ್ಮ.

"ಮೊನ್ನೆ ನಾನು ಅಂದದ್ದು ಬೆಚ್ಚಿಸಕ್ಕೆ. ಓಲೆ ತೌರಿಗೆ ಹೋಯ್ತು ಅಂತ ನನಗೆ ಯಾರೂ ಹೇಳಿಲ್ಲ. ನಾನೇ ಕಟ್ಟಿದ್ದು. ಮಂಗಮ್ಮ, ಬೀಗದ ಕೈ ಕೊಡು ನಿಮ್ಮತ್ತೆಗೆ."

ಮಂಗಮ್ಮ ತಾಯಿಯ ಮುಖ ನೋಡಿದಳು. ಅಕ್ಕಯಮ್ಮ ಮಾತ್ರ ಬಿಡಲಿಲ್ಲ. "ಹಂಗಾದ್ರೆ ಕೇಶವನ ನಾಮಕರಣದ ದಿನ ನಿನಗೆ ನಿಂತಿದ್ದು?"

"ಅದೂ ಹಂಗೇ."

"ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲ?"

"ಆವತ್ತು ಯಾರು ಕೇಳಿದ್ರಿ?" ಎಂದೆ. ದನಿ ಏರಿತು. "ನಮ್ಮಪ್ಪ ಸಹಿತ ಕೇಳ್ಲಿಲ್ಲ. ತಗೊಂಡಿದ್ರೆ ಕೊಟ್ಬಿಡು ಅಂದ್ರು. ತಗೊಂಡ್ಯ ಅಂತ ಕೇಳ್ಲಿಲ್ಲ."

ಮಂಗಮ್ಮ ಗೊಂಚಲು ಬಿಚ್ಚಿ ಅತ್ತೆಯ ಮೊರದ ಪಕ್ಕದಲ್ಲಿಟ್ಟಳು. ಅಮ್ಮಾಜಮ್ಮ ಅದನ್ನು ಮುಟ್ಟಲಿಲ್ಲ. ಅವರೆಕಾಯಿ ಬಿಡಿಸುತ್ತಲೇ, ತಲೆ ಎತ್ತದೆ ಅಂದಳು:

"ನಾನೂ ಬೆಚ್ಚಿಸಕ್ಕೇ ಅಂದಿದ್ದು ಕಣೇ ಯಶೋದ. ನಿನ್ನ ಬಿಕ್ಕಳಿಕೆ ನಿಲ್ಲಲಿ ಅಂತ. ಓಲೆ ನಾನೇ ಹೆರಿಗೆಗೆ ಮುಂಚೆ ಕೆರೆ ಹತ್ರ ಎಲ್ಲೋ ಬೀಳಿಸ್ಕೊಂಡಿದ್ದೆ. ಹೇಳಿದ್ರೆ ಅತ್ತೆ ಸುಮ್ನೆ ಬಿಡ್ತಿದ್ರಾ? ಅವರು ನಿನ್ನ ಕಡೆ ತಿರುಗಿದ್ರು. ನಾನು ಬದುಕ್ಕೊಂಡೆ ಅಂತ ಬಾಯಿ ಮುಚ್ಚಿದೆ."

"ಇಷ್ಟು ವರ್ಷ?"

"ಮೊದಲ ದಿನ ಮುಚ್ಚಿದ್ದು. ಆಮೇಲೆ ತೆಗೆಯಕ್ಕೆ ಬರ್ಲಿಲ್ಲ."

ನನಗೆ ಏನು ಬಂತೋ, ಕೈಯಲ್ಲಿದ್ದ ಕಾಳನ್ನು ಅವಳ ಮೊರಕ್ಕೆ ಎಸೆದೆ. "ಮೊನ್ನೆ ಊರಿನವರ ಹೆಸರೆಲ್ಲ ಹೇಳಿದ್ಯಲ್ಲ, ಹಾಲಿನವಳದ್ದು ಕೂಡ. ನನ್ನ ಹೆಸರು ನೆನಪಾಗ್ಲಿಲ್ವ?"

"ಬಾಯಿ ತುದಿಗೆ ಬಂದಿತ್ತು. ನಿನ್ನ ಹೆಸ್ರು ಹೇಳಿ ನಿಂತ್ಬಿಟ್ರೆ ಏನ್ ಮಾಡ್ಲಿ ಅಂತ ಹೆದರಿಕೆ ಆಯ್ತು."

ಅಕ್ಕಯಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಅವಳ ಅಳು ಕಂಡು ನನಗೆ ಇನ್ನೂ ರೇಗಿತು. ಮೊರದ ಕಾಯಿ ಮುಗಿಯುವವರೆಗೂ ಕೂತು ಬಿಡಿಸಿ ಎದ್ದು ಬಂದೆ. ನಾನು ಕ್ಷಮಿಸಿದೆ ಎಂದು ಯಾರೂ ತಿಳಿಯಬಾರದು. ಕೆಲಸ ಅರ್ಧಕ್ಕೆ ಬಿಡುವ ಅಭ್ಯಾಸ ನನಗಿಲ್ಲ, ಅಷ್ಟೆ.

೧೦ ಡಿಸೆಂಬರ್, ಬುಧವಾರ

ಮನೆ ದೇವರ ಮುಂದೆ ಅಪ್ಪನಿಗೆ ಒಂದು ದೀಪ ಬೇರೆಯಾಗಿ ಹಚ್ಚಿ ಹೇಳಿದೆ. ನಾನು ತಗೊಂಡಿರಲಿಲ್ಲಪ್ಪ. ಕೆರೆ ಹತ್ತಿರ ಬಿದ್ದಿತ್ತಂತೆ.

೧೨ ಡಿಸೆಂಬರ್, ಶುಕ್ರವಾರ

ಇವಳಿಗೆ ನಾನು ಬಿಟ್ಟುಕೊಡುವವಳಲ್ಲ. ಬೆಳಿಗ್ಗೆ ಮಂಗಮ್ಮನ ಕೈಯಲ್ಲಿ ಹಿದಕಿದ ಬೇಳೆ ಸಾರು ಕಳಿಸಿದ್ದಾಳೆ. ಉಪ್ಪು ಹೆಚ್ಚು. ಉಗ್ರಾಣದ ಬೀಗದ ಕೈ ವಾಪಸು ಬಂದ ಜಂಬ! ಪಾತ್ರೆ ಖಾಲಿ ಕಳಿಸಬಾರದೆಂದು ಹುಣ್ಣಿಗೆ ಒಳ್ಳೆಯದಾಗುವ ಬೂದುಗುಂಬಳದ ಪಲ್ಯ ಹಾಕಿ ಕಳಿಸಿದೆ. ಖಾರ ಹಾಕದೆ ಮಾಡಿದ್ದೆ. ಅವಳಿಗಾಗಿಯಲ್ಲ, ನನಗೂ ಖಾರ ಆಗುವುದಿಲ್ಲ.

ಮುದ್ದೆಗೆ ಆ ಸಾರು ಹಚ್ಚಿ ಎರಡನೇ ತುತ್ತು ನುಂಗಿದ್ದೆನೋ ಇಲ್ಲವೋ, ನನಗೆ ಬಿಕ್ಕಳಿಕೆ ಹತ್ತಿತು. ನೀರು ಕುಡಿದೆ. ಉಸಿರು ಹಿಡಿದೆ. ಬೆಲ್ಲ ಚೀಪಿದೆ. ಇವರು ಎದುರಿಗೆ ಕೂತು, "ಬೆಚ್ಚಿಸಲೇನೆ?" ಎಂದು ಹಲ್ಲು ಕಿರಿದರು. ನನ್ನ ಮುಖ ನೋಡಿ ಎಲೆಯ ಕಡೆ ತಿರುಗಿಕೊಂಡರು.

ಹೆಸರು ಹೇಳಲು ಶುರುಮಾಡಿದೆ. ಗೌರಿಬಿದನೂರಿನ ಮಗಳ ಹೆಸರು. ಹಿಕ್. ತೊಂಡೇಬಾವಿಯ ತಮ್ಮ ಕೋನಪ್ಪ. ಹಿಕ್. ಕೇಶವ. ಹಿಕ್. ಗೋಡೆಯಾಚೆ ಪಾತ್ರೆಯ ಸದ್ದು ಥಟ್ಟನೆ ನಿಂತಿತು. ಕಿವಿಗೊಟ್ಟಿದ್ದಾಳೆ!

ಎಷ್ಟೋ ಹೊತ್ತು ತಡೆದೆ. ಪರದೆ ಜಗ್ಗುವುದು ಎಂದು ಡಾಕ್ಟರು ಹೇಳಿದ್ದನ್ನು ನೆನೆಸಿಕೊಂಡೆ. ಕೊನೆಗೆ ತಾಳಲಾರದೆ, ಗೋಡೆಗೆ ಕೇಳದ ಹಾಗೆ, ತುಟಿಯಲ್ಲೇ ಅಂದೆ: ಅಮ್ಮಾಜಮ್ಮ.

ನಿಂತುಹೋಯಿತು.

ಹಾಳಾದವಳು! ಬೆಳಿಗ್ಗೆ ಬೆಳಿಗ್ಗೆ ಕೆಲಸ ಬಿಟ್ಟು ನನ್ನನ್ನೇ ನೆನೆಸಿಕೊಂಡು ಕೂತಿದ್ದಾಳೆ.